ಮುಕ್ತ ಆಪರೇಟಿಂಗ್ ಸಿಸ್ಟಂಗಳು ಜನಸಾಮಾನ್ಯರ ಮೇಜಿಗೆ ಏಕೆ ಬರುತ್ತಿಲ್ಲ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕೆಲವು ಷರತ್ತುಗಳ ಮೇಲೆ ಇನ್ನಷ್ಟು ಕಾಲ ಭದ್ರತಾ ತಿದ್ದುಪಡಿಗಳನ್ನು ಪಡೆಯುವ ಅವಕಾಶವನ್ನು ಇಟ್ಟಿದ್ದರೂ, ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸರಿಸುಮಾರು 2018ರ ನಂತರದ ಪ್ರೊಸೆಸರನ್ನೂ ಕೇಳುವುದರಿಂದ, ಇನ್ನೂ ಚೆನ್ನಾಗಿ ಓಡುತ್ತಿರುವ ಅಸಂಖ್ಯ ಕಂಪ್ಯೂಟರುಗಳು ಕಾಗದದ ಮೇಲೆ ಹಳತಾದವು. ಇಂತಹ ಸುಮಾರು 24 ಕೋಟಿ ಯಂತ್ರಗಳು ಮರುಮಾರಾಟದ ಬೆಲೆಯನ್ನೂ ಕಳೆದುಕೊಂಡು ಇ-ತ್ಯಾಜ್ಯದ ಪಾಲಾಗಬಹುದು ಎಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರ ಡಿಸೆಂಬರಿನಲ್ಲೇ ಅಂದಾಜಿಸಿತ್ತು. ಲಿನಕ್ಸ್ ಆಧರಿಸಿದ, ಯಾರು ಬೇಕಾದರೂ ಪಡೆದು ತಿದ್ದಿ ಹಂಚಬಹುದಾದ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮುಂತಾದ ಮುಕ್ತ ಆಪರೇಟಿಂಗ್ ಸಿಸ್ಟಂಗಳು ಈ ಯಂತ್ರಗಳಲ್ಲಿ ಬಹುಪಾಲನ್ನು ಇನ್ನೂ ಹಲವು ವರ್ಷ ಸುರಕ್ಷಿತವಾಗಿ ನಡೆಸಬಲ್ಲವು, ಅದೂ ಬಳಕೆದಾರರಿಂದ ಒಂದು ರೂಪಾಯಿಯನ್ನೂ ಕೇಳದೆ. ಇಷ್ಟು ಅನುಕೂಲಕರವಾದ ಸಂದರ್ಭ ಲಿನಕ್ಸ್ ಬಳಗಕ್ಕೆ ಹಿಂದೆಂದೂ ಒದಗಿರಲಿಲ್ಲ. ಆದರೂ ವಿಂಡೋಸ್ 10 ಬಳಸುತ್ತಿದ್ದ ಬಹುತೇಕ ಜನರು ಹೊಸ ಯಂತ್ರ ಕೊಳ್ಳುವುದನ್ನೋ ಹಳೆಯದನ್ನು ಹಾಗೆಯೇ ಅಪಾಯದಲ್ಲಿ ಬಳಸುವುದನ್ನೋ ಯೋಚಿಸಿದರೇ ಹೊರತು, ಮೂರನೆಯ ದಾರಿಯೊಂದಿದೆ ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ.

ಅಂಕಿಗಳೂ ಇದನ್ನೇ ಹೇಳುತ್ತವೆ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಮ್ಮ ಕರ್ನೆಲ್ಲನ್ನು, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳನ್ನು, ಪ್ರಕಟಿಸಿದ್ದು 1991ರಲ್ಲಿ. ಜಾಲತಾಣಗಳ ಭೇಟಿಗಳನ್ನು ಆಧರಿಸಿ ಲೆಕ್ಕ ಹಾಕುವ ಸ್ಟ್ಯಾಟ್‌ಕೌಂಟರ್ ಪ್ರಕಾರ ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಲಿನಕ್ಸ್‌ನ ಜಾಗತಿಕ ಪಾಲು ಶೇ. 4ನ್ನು ಮೊದಲ ಬಾರಿಗೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಭಾರತದ ಪಾಲು ಈ ಸರಾಸರಿಗಿಂತ ಹೆಚ್ಚೇ ಕಾಣುತ್ತದೆಯಾದರೂ, ತಂತ್ರಾಂಶ ವೃತ್ತಿಯಲ್ಲಿರುವವರ ಸಂಖ್ಯೆ ನಮ್ಮಲ್ಲಿ ದೊಡ್ಡದಾಗಿರುವುದನ್ನು ಮರೆತು ಅದನ್ನು ಓದಬಾರದು. ಇದೇ ಕರ್ನೆಲ್ ಬೇರೆಡೆ ಸಾಧಿಸಿರುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಜಗತ್ತಿನ ಅತಿ ವೇಗದ 500 ಸೂಪರ್‌ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಲಿನಕ್ಸ್ ಬಿಟ್ಟು ಬೇರೊಂದಿಲ್ಲ. ಅಂತರಜಾಲದ ಸರ್ವರುಗಳಲ್ಲಿ ಅದು ಮುಂಚೂಣಿಯಲ್ಲಿದೆ. ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲಿ ಅದೇ ಇದೆ. ಹೀಗಿರುವಾಗ ತಾಂತ್ರಿಕ ದೌರ್ಬಲ್ಯವೊಂದರಿಂದಲೇ ಡೆಸ್ಕ್‌ಟಾಪಿನ ಸೋಲನ್ನು ವಿವರಿಸಲಾಗದು.

ಸಾಮಾನ್ಯವಾಗಿ ಕೇಳಿಬರುವ ವಿವರಣೆಗಳು ಎರಡು. ಲಿನಕ್ಸ್ ಬಳಸುವುದು ಕಷ್ಟ ಎಂಬುದು ಹೊರಗಿನವರ ಮಾತು. ಜನರಿಗೆ ತಿಳಿವಳಿಕೆ ಇಲ್ಲ, ಹೇಳಿಕೊಟ್ಟರೆ ಬರುತ್ತಾರೆ ಎಂಬುದು ಒಳಗಿನವರ ಮಾತು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಒಂದೇ ತಪ್ಪು ಊಹೆಯ ಮೇಲೆ ನಿಂತಿವೆ: ಜನಸಾಮಾನ್ಯರು ಕೂತು, ಹೋಲಿಸಿ, ತಮಗೆ ಬೇಕಾದ ಆಪರೇಟಿಂಗ್ ಸಿಸ್ಟಂ ಆರಿಸಿಕೊಳ್ಳುತ್ತಾರೆ ಎಂಬ ಊಹೆ. ವಾಸ್ತವದಲ್ಲಿ ಸಾಮಾನ್ಯ ಬಳಕೆದಾರರು ಆಪರೇಟಿಂಗ್ ಸಿಸ್ಟಂ ಆರಿಸುವುದೇ ಇಲ್ಲ. ಯಂತ್ರ ತಯಾರಕರು, ಅಂಗಡಿಯವರು, ಶಾಲೆಯ ಪಠ್ಯಕ್ರಮ, ಕಚೇರಿಯ ಸುತ್ತೋಲೆ, ಲೆಕ್ಕಪರಿಶೋಧಕರ ತಂತ್ರಾಂಶ, ಎದುರಿನವರು ಕಳಿಸಿದ ಕಡತ ಇವೆಲ್ಲ ಸೇರಿ ಆಯ್ಕೆಯನ್ನು ಮೊದಲೇ ಮುಗಿಸಿರುತ್ತವೆ. ಬಳಕೆದಾರರ ಮನವೊಲಿಸುವುದಕ್ಕೆ ಮುಕ್ತ ತಂತ್ರಾಂಶ ಚಳವಳಿ ಮೂವತ್ತು ವರ್ಷಗಳಿಂದ ವ್ಯಯಿಸಿರುವ ಶ್ರಮದ ಬಹುಪಾಲು, ನಿರ್ಧಾರ ನಡೆಯದ ಸ್ಥಳದಲ್ಲಿ ವ್ಯಯವಾಗಿದೆ ಎಂಬುದು ನನ್ನ ವಾದ.

ಈ ಸ್ಥಿತಿ ತಾನಾಗಿಯೇ ಬಂದದ್ದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಅನೇಕ ತಯಾರಕರು ಮೈಕ್ರೋಸಾಫ್ಟ್ ಜೊತೆ ಮಾಡಿಕೊಂಡಿದ್ದ ಒಪ್ಪಂದದ ಪ್ರಕಾರ, ಅವರು ಮಾರುವ ಪ್ರತಿ ಪ್ರೊಸೆಸರಿನ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಿತ್ತು. ಆ ಯಂತ್ರದಲ್ಲಿ ಬೇರೊಂದು ಆಪರೇಟಿಂಗ್ ಸಿಸ್ಟಂ ಇದ್ದರೂ ಶುಲ್ಕ ತಪ್ಪುತ್ತಿರಲಿಲ್ಲ. ಎರಡು ಬಾರಿ ಹಣ ತೆರಲು ಯಾವ ತಯಾರಕ ಒಪ್ಪಿಯಾನು? ಅಮೆರಿಕದ ನ್ಯಾಯ ಇಲಾಖೆಯೊಂದಿಗೆ 1994ರಲ್ಲಿ ಆದ ಒಡಂಬಡಿಕೆಯಲ್ಲಿ ಈ ಪದ್ಧತಿಗೆ ತೆರೆಬಿದ್ದರೂ ಅಭ್ಯಾಸ ಉಳಿಯಿತು. ಬಿಓಎಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ತಯಾರಿಸಿದ ಬಿ (Be) ಎಂಬ ಕಂಪನಿ, ಹಿಟಾಚಿಯ ಯಂತ್ರಗಳಲ್ಲಿ ವಿಂಡೋಸ್ ಪಕ್ಕದಲ್ಲಿ ತನ್ನ ತಂತ್ರಾಂಶವನ್ನು ಸೇರಿಸುವುದರಲ್ಲಿ ಯಶಸ್ವಿಯಾಯಿತು. ಆದರೆ ಯಂತ್ರ ಚಾಲೂ ಆದಾಗ ಅದನ್ನು ಆರಿಸಲು ಬೇಕಾದ ಪಟ್ಟಿ ತೆರೆಯ ಮೇಲೆ ಕಾಣುತ್ತಲೇ ಇರಲಿಲ್ಲ. ಮೈಕ್ರೋಸಾಫ್ಟ್‌ನ ಪರವಾನಗಿ ಷರತ್ತುಗಳೇ ಇದಕ್ಕೆ ಕಾರಣವೆಂದು ಬಿ ಕಂಪನಿ 2002ರಲ್ಲಿ ಮೊಕದ್ದಮೆ ಹೂಡಿತು. ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆ 2003ರಲ್ಲಿ 2.3 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿ ಮಾಡಿಕೊಂಡಾಗ, ಬಿ ಕಂಪನಿಯ ಆಸ್ತಿ ಬೇರೆಯವರ ಪಾಲಾಗಿ ಆಗಲೇ ಸಮಯವಾಗಿತ್ತು. ಇದಕ್ಕೂ ಮೊದಲು, 1999ರ ನವೆಂಬರಿನಲ್ಲಿ, ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರು ಮೈಕ್ರೋಸಾಫ್ಟ್ ಮೊಕದ್ದಮೆಯಲ್ಲಿ ನೀಡಿದ ತೀರ್ಮಾನಗಳಲ್ಲಿ ಒಂದು ಒಳನೋಟವಿತ್ತು. ಬಳಕೆದಾರರು ಹೆಚ್ಚಿರುವ ಕಡೆಗೇ ತಂತ್ರಾಂಶ ಬರೆಯುವವರು ಹೋಗುತ್ತಾರೆ, ತಂತ್ರಾಂಶ ಹೆಚ್ಚಿರುವ ಕಡೆಗೇ ಬಳಕೆದಾರರು ಹೋಗುತ್ತಾರೆ. ಈ ಸುತ್ತೇ ಹೊಸಬರಿಗೆ ತಡೆಗೋಡೆಯಾಗುತ್ತದೆ ಎಂದು ಅವರು ವಿವರಿಸಿದ್ದರು. ಕಾಲು ಶತಮಾನದ ನಂತರವೂ ಆ ವಿವರಣೆಯಲ್ಲಿ ತಿದ್ದುವಂಥದ್ದು ಹೆಚ್ಚೇನಿಲ್ಲ.

ಲಿನಕ್ಸ್ ಅಳವಡಿಸುವುದು ಕಷ್ಟ ಎನ್ನುವ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಕಡತವೊಂದನ್ನು ಇಳಿಸಿಕೊಂಡು, ಪೆನ್‌ಡ್ರೈವಿಗೆ ಬರೆದು, ಯಂತ್ರ ಚಾಲೂ ಆಗುವ ಕ್ಷಣದಲ್ಲಿ ಸರಿಯಾದ ಕೀಲಿ ಒತ್ತಿ, ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯೊಂದಿಗೆ ಏಗಿ, ಡಿಸ್ಕನ್ನು ವಿಭಜಿಸಬೇಕು, ಅದೂ ತಮ್ಮ ಮಕ್ಕಳ ಫೋಟೋಗಳೂ ಅಂಗಡಿಯ ಲೆಕ್ಕಗಳೂ ಇರುವ ಅದೇ ಡಿಸ್ಕನ್ನು. ಇದನ್ನು ಕೇಳಿ ಸಾಮಾನ್ಯರು ಹಿಂಜರಿದರೆ ಅದು ಅಜ್ಞಾನವಲ್ಲ, ವಿವೇಕ. ವಿಂಡೋಸ್ ಬಳಸುವವರಲ್ಲಿಯೂ ಅದನ್ನು ಸ್ವತಃ ಅಳವಡಿಸಿದವರು ತೀರ ಕಡಿಮೆ. ಅವರಿಗೆ ಆ ಪರೀಕ್ಷೆ ಎದುರಾಗುವುದೇ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ತಯಾರಕರೇ ಲಿನಕ್ಸ್ ಹಾಕಿ ಮಾರಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಉತ್ತರವಿದೆ. 2007ರ ಕೊನೆಯಲ್ಲಿ ಏಸಸ್ ಕಂಪನಿ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪನ್ನು ಹೊರತಂದಿತು. ಏಳು ಇಂಚಿನ ತೆರೆ, 4 ಜಿಬಿ ಸಂಗ್ರಹ, ಒಳಗೆ ಕ್ಸಾಂಡ್ರೋಸ್ ಎಂಬ ಲಿನಕ್ಸ್, ದೊಡ್ಡ ದೊಡ್ಡ ಗುಂಡಿಗಳ ಸರಳ ಮುಖಪುಟ. ಜನ ಅದನ್ನು ಮುಗಿಬಿದ್ದು ಕೊಂಡರು. ಅಷ್ಟು ಸಣ್ಣ ಯಂತ್ರದಲ್ಲಿ ವಿಂಡೋಸ್ ವಿಸ್ಟಾ ಓಡುವಂತೆಯೇ ಇರಲಿಲ್ಲ, ವಿಂಡೋಸ್ ಎಕ್ಸ್‌ಪಿ 2008ರ ಜೂನ್ ಕೊನೆಗೆ ಮಾರುಕಟ್ಟೆಯಿಂದ ಹಿಂದೆ ಸರಿಯುವುದಿತ್ತು. ಲಿನಕ್ಸ್‌ಗೆ ನಿಜವಾದ ಒಂದು ಬಾಗಿಲು ತೆರೆದಿತ್ತು. ಮೈಕ್ರೋಸಾಫ್ಟ್ ತಡಮಾಡಲಿಲ್ಲ: ಇಂತಹ ಅಗ್ಗದ ಯಂತ್ರಗಳಿಗಾಗಿಯೇ ಎಕ್ಸ್‌ಪಿ ಹೋಂ ಆವೃತ್ತಿಯ ಆಯುಷ್ಯವನ್ನು 2010ರವರೆಗೆ ವಿಸ್ತರಿಸುವುದಾಗಿ 2008ರ ಏಪ್ರಿಲ್‌ನಲ್ಲಿ ಪ್ರಕಟಿಸಿ, ತಯಾರಕರಿಗೆ ಅದನ್ನು ಅಗ್ಗವಾಗಿ ಒದಗಿಸಿತು. ಎದುರು ಪಕ್ಷದ ಸಿದ್ಧತೆ ಹೇಗಿತ್ತು? ಏಸಸ್ ಕ್ಸಾಂಡ್ರೋಸ್ ಆರಿಸಿಕೊಂಡಿತ್ತು, ಏಸರ್ ಲಿನ್‌ಪಸ್, ಡೆಲ್ ಉಬುಂಟು, ಎಚ್‌ಪಿ ಸೂಸೆ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ನೆರವಾಗುತ್ತಿರಲಿಲ್ಲ, ಹೊಸ ತಂತ್ರಾಂಶ ಸೇರಿಸುವ ವಿಧಾನ ಒಂದೊಂದರಲ್ಲಿ ಒಂದೊಂದು ಬಗೆ, ಮಾರಿದ ಮೇಲೆ ವರ್ಷಗಟ್ಟಲೆ ಅದನ್ನು ಪಾಲಿಸುವ ಹೊಣೆ ಯಾರದೆಂಬುದೂ ಸ್ಪಷ್ಟವಿರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ನೆಟ್‌ಬುಕ್ ಎಂದು ಹೆಸರಾದ ಈ ಪುಟ್ಟ ಲ್ಯಾಪ್‌ಟಾಪ್ ಎಂದರೆ ವಿಂಡೋಸ್ ಎಂಬಂತಾಯಿತು. ಆ ಸೋಲಿನಲ್ಲಿ ಮೈಕ್ರೋಸಾಫ್ಟ್‌ನ ಬಲದಷ್ಟೇ ಪಾಲು ಈ ಅನಾಥ ಸ್ಥಿತಿಯದೂ ಇದೆ. ಇದಕ್ಕೆ ಸಾಕ್ಷಿಯಾಗಿ 2011ರಲ್ಲಿ ಬಂದ ಕ್ರೋಮ್‌ಬುಕ್ಕನ್ನು ನೋಡಬಹುದು. ಅದರ ತಳದಲ್ಲಿಯೂ ಲಿನಕ್ಸ್ ಕರ್ನೆಲ್ಲೇ ಇದೆ. ಆದರೆ ಗೂಗಲ್ ಎಂಬ ಒಂದೇ ಸಂಸ್ಥೆ ಅದರ ಹೊಣೆ ಹೊತ್ತು, ತಾನಾಗಿಯೇ ನವೀಕರಣಗೊಳ್ಳುವಂತೆ ಮಾಡಿ, ಅಮೆರಿಕದ ಶಾಲೆಗಳಿಗೆ ಒಪ್ಪಿಸಿದ್ದರಿಂದ ಅದು ನಿಂತಿತು. ಬಳಕೆದಾರರಿಗೆ ನಿಜವಾದ ಸ್ವಾತಂತ್ರ್ಯವೇನೂ ಅದರಿಂದ ದೊರೆಯಲಿಲ್ಲ ಎಂಬುದು ಬೇರೆ ಮಾತು, ಮತ್ತು ನನ್ನ ಮಟ್ಟಿಗೆ ದುಃಖದ ಮಾತು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಶ್ರೀಮಂತ ದೇಶಗಳಲ್ಲಿ ಲಿನಕ್ಸ್‌ನ ಕಣ್ಣಿಗೆ ಕಾಣುವ ಗುಣ ಅದಕ್ಕೆ ಬೆಲೆಯಿಲ್ಲದಿರುವುದು. ಇಲ್ಲಿ ಆ ಗುಣವನ್ನು ಕಳ್ಳಪ್ರತಿ ಕಸಿದುಕೊಂಡಿತು. ಡಾಸ್ ಲ್ಯಾಪ್‌ಟಾಪ್ ಎಂದು ವಿಂಡೋಸ್ ಇಲ್ಲದೆ ಕಡಿಮೆ ಬೆಲೆಗೆ ಮಾರಾಟವಾಗುವ ಯಂತ್ರಗಳಿಗೆ, ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ ಹಾಕಿಕೊಡುವುದು ಅಂಗಡಿಯವರ ಸೇವೆಯ ಭಾಗವೇ ಆಗಿಹೋಗಿತ್ತು. ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡಬೇಕು ಎಂಬ ಕಲ್ಪನೆಯೇ ಅನೇಕರಿಗೆ ಇರಲಿಲ್ಲ. ಭಾರತದಲ್ಲಿ ಬಳಕೆಯಲ್ಲಿದ್ದ ತಂತ್ರಾಂಶಗಳಲ್ಲಿ ಶೇ. 56ರಷ್ಟು 2017ರಲ್ಲಿ ಪರವಾನಗಿ ಇಲ್ಲದವು ಎಂದು ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ ಅಂದಾಜಿಸಿತ್ತು. ಕಂಪನಿಗಳ ಹಿತಕ್ಕಾಗಿ ಇರುವ ಒಕ್ಕೂಟದ ಲೆಕ್ಕವೆಂದು ಸ್ವಲ್ಪ ಕಳೆದರೂ ಚಿತ್ರ ಬದಲಾಗದು. ಇದರಿಂದ ದೀರ್ಘಕಾಲದಲ್ಲಿ ಲಾಭ ಯಾರಿಗೆ ಎಂಬುದನ್ನು ಬಿಲ್ ಗೇಟ್ಸ್ 1998ರಲ್ಲಿ ಚೀನಾದ ಬಗ್ಗೆ ಮಾತಾಡುತ್ತ ಮುಚ್ಚುಮರೆಯಿಲ್ಲದೆ ಹೇಳಿದ್ದರು: ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಅದು ರೂಢಿಯಾದ ಮೇಲೆ ಹಣ ವಸೂಲಿ ಮಾಡುವ ದಾರಿಯನ್ನು ಮುಂದೆ ಕಂಡುಕೊಳ್ಳುತ್ತೇವೆ ಎಂಬುದು ಅವರ ಮಾತಿನ ತಾತ್ಪರ್ಯ. ರೂಢಿ ಆಗಿದೆ. ಇಂದು ದೊಡ್ಡ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪರವಾನಗಿಯ ಬೆಲೆ ಯಂತ್ರದ ಬೆಲೆಯೊಳಗೇ ಸೇರಿ ಬರುವುದರಿಂದ ಕೊಳ್ಳುವವರಿಗೆ ಅದು ಪ್ರತ್ಯೇಕವಾಗಿ ಕಾಣುವುದೂ ಇಲ್ಲ.

ಇನ್ನು ತಡೆಗೋಡೆಯ ವಿಷಯ. ಬೆಂಗಳೂರಿನದೇ ಕಂಪನಿಯಾದ ಟ್ಯಾಲಿಯ ಲೆಕ್ಕಪತ್ರ ತಂತ್ರಾಂಶ ದೇಶದ ಸಣ್ಣ ವ್ಯಾಪಾರಿಗಳ ಜೀವನಾಡಿ. ವಾಣಿಜ್ಯ ಓದಿದ ಹುಡುಗ ಹುಡುಗಿಯರು ಕೆಲಸ ಹುಡುಕುವಾಗ ಟ್ಯಾಲಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಎದುರಿಸದೇ ಇರುವುದಿಲ್ಲ. ಅದು ವಿಂಡೋಸ್‌ಗೆಂದು ರಚಿತವಾದ ತಂತ್ರಾಂಶ. ವೈನ್‌ನಂತಹ ಮಧ್ಯವರ್ತಿ ತಂತ್ರಾಂಶದ ನೆರವಿನಿಂದ ಅದನ್ನು ಲಿನಕ್ಸ್‌ನಲ್ಲಿ ಓಡಿಸುವವರು ಇದ್ದಾರೆ, ಆದರೆ ತಿಂಗಳ ಕೊನೆಯಲ್ಲಿ ಏನಾದರೂ ಕೆಟ್ಟರೆ ಯಾರನ್ನೂ ಕೇಳುವಂತಿಲ್ಲದ ಸ್ಥಿತಿಯನ್ನು ಯಾವ ವ್ಯಾಪಾರಿಯೂ ಮೈಮೇಲೆ ಎಳೆದುಕೊಳ್ಳಲಾರ. ಖಾಸಗಿ ಕಂಪನಿ ತನ್ನ ಗಿರಾಕಿಗಳಿರುವ ಕಡೆ ಹೋಗುವುದನ್ನು ಆಕ್ಷೇಪಿಸುವುದು ಕಷ್ಟ. ಆದರೆ ಸರ್ಕಾರದ ವಿಷಯದಲ್ಲಿ ಆ ಔದಾರ್ಯ ಬೇಕಿಲ್ಲ. ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ಆಕರ ತಂತ್ರಾಂಶಗಳಿಗೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿಯೇ ಪ್ರಕಟಿಸಿದೆ. ಅದೇ ಸರ್ಕಾರದ ಜಿಎಸ್‌ಟಿ ವ್ಯವಸ್ಥೆ ವ್ಯಾಪಾರಿಗಳಿಗೆ ಕೊಟ್ಟ ರಿಟರ್ನ್ಸ್ ಆಫ್‌ಲೈನ್ ಟೂಲ್ ವಿಂಡೋಸನ್ನೂ ಮೈಕ್ರೋಸಾಫ್ಟ್ ಎಕ್ಸೆಲನ್ನೂ ಕೇಳುತ್ತದೆ. ಆದಾಯ ತೆರಿಗೆ ಇಲಾಖೆಯ ಆಫ್‌ಲೈನ್ ತಂತ್ರಾಂಶವೂ ವಿಂಡೋಸ್‌ಗಾಗಿಯೇ ಇದೆ. ಬ್ರೌಸರಿನಲ್ಲಿ ನೇರವಾಗಿ ವಿವರ ತುಂಬುವ ದಾರಿ ತೆರೆದಿದೆ, ನಿಜ. ಆದರೆ ನೂರಾರು ಬಿಲ್ಲುಗಳಿರುವ ವ್ಯಾಪಾರಿಗೆ ಅದು ಹೆಸರಿಗಷ್ಟೇ ದಾರಿ. ತೆರಿಗೆ ಕಟ್ಟುವುದು ಕಾನೂನಿನ ಕಡ್ಡಾಯವಾಗಿರುವಾಗ, ಅದರ ಸಲಕರಣೆ ಒಂದು ಕಂಪನಿಯ ಉತ್ಪನ್ನವನ್ನು ಅವಲಂಬಿಸಿರುವುದು ಅನ್ಯಾಯ, ಮತ್ತು ಆ ಅನ್ಯಾಯವನ್ನು ಯಾರೂ ಗಮನಿಸದಷ್ಟು ನಾವು ಅದಕ್ಕೆ ಒಗ್ಗಿಹೋಗಿದ್ದೇವೆ.

ಕನ್ನಡಿಗರ ಮಟ್ಟಿಗೆ ಇದೆಲ್ಲಕ್ಕಿಂತ ಗಟ್ಟಿಯಾದ ಸಂಕೋಲೆ ಅಕ್ಷರಗಳದ್ದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ತಲೆಕಟ್ಟು, ಕೊಂಬು, ಒತ್ತಕ್ಷರ ಎಲ್ಲವೂ ಬೇರೆ ಬೇರೆ ತುಂಡುಗಳು. ಕೀಲಿಮಣೆಯಲ್ಲಿ ಒತ್ತಿದ್ದನ್ನು ಆ ತುಂಡುಗಳ ಸರಣಿಯಾಗಿ ಬದಲಿಸುವ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ಪುಟ್ಟ ತಂತ್ರಾಂಶ ಮಾಡುತ್ತಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಒಪ್ಪಿಕೊಂಡ ನುಡಿ, ಮನೆಮನೆಗೆ ಕನ್ನಡ ಟೈಪಿಂಗ್ ತಲುಪಿಸಿದ ಬರಹ, ಮುದ್ರಣಾಲಯಗಳಲ್ಲಿ ನೆಲೆಯೂರಿದ ಶ್ರೀಲಿಪಿ ಎಲ್ಲವೂ ವಿಂಡೋಸ್‌ನಲ್ಲಿ ಬೆಳೆದವು. ಇವುಗಳಿಂದ ಕನ್ನಡಕ್ಕಾದ ಉಪಕಾರ ಸಣ್ಣದಲ್ಲ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಸರ್ಕಾರಿ ಕಚೇರಿಗಳ ಗುಮಾಸ್ತರ ಬೆರಳುಗಳಿಗೆ ಕಲಿಸಿದ್ದು ನುಡಿಯೇ. ಆದರೆ ಆ ಕಾಲದಲ್ಲಿ ಸಿದ್ಧವಾದ ಲಕ್ಷಾಂತರ ಕಡತಗಳು, ಅಂದರೆ ನಡಾವಳಿಗಳು, ಪ್ರಶ್ನೆಪತ್ರಿಕೆಗಳು, ಪುಸ್ತಕಗಳು, ಲಗ್ನಪತ್ರಿಕೆಗಳ ಮಾದರಿಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಫಾಂಟನ್ನು ಲಿನಕ್ಸ್‌ಗೆ ಸೇರಿಸಿದರೆ ಓದಲು ಬರುತ್ತದೆ, ತಿದ್ದಲು ಬರುವುದಿಲ್ಲ, ಏಕೆಂದರೆ ಟೈಪ್ ಮಾಡಿಸುವ ತಂತ್ರಾಂಶ ಅಲ್ಲಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಉತ್ಸಾಹಿಗಳು ಉಚಿತವಾಗಿ ಕೊಟ್ಟಿದ್ದಾರೆ. ಆದರೆ ಕೋಷ್ಟಕಗಳಿರುವ, ಇಂಗ್ಲಿಷ್ ಬೆರೆತ ಕಡತಗಳನ್ನು ಪರಿವರ್ತಿಸಿದ ಮೇಲೆ ಒಬ್ಬರು ಕೂತು ಓದಿ ತಿದ್ದಲೇಬೇಕು. ಕಚೇರಿಯಲ್ಲಿ ಆ ಕೆಲಸಕ್ಕೆ ಯಾರಿಗೂ ಸಮಯ ಮೀಸಲಾಗಿರುವುದಿಲ್ಲ. ಹೊಸ ಆದೇಶ ಬರೆಯುವವರು ಹಳೆಯ ಆದೇಶದ ಕಡತವನ್ನೇ ತೆರೆದು ದಿನಾಂಕ ಬದಲಿಸುವ ರೂಢಿ ಇರುವವರೆಗೂ ಹಳೆಯ ಫಾಂಟು ತನ್ನನ್ನು ತಾನೇ ಮುಂದುವರಿಸಿಕೊಳ್ಳುತ್ತದೆ, ಅದರ ಬೆನ್ನಿಗೆ ವಿಂಡೋಸ್ ಕೂಡ.

ಇಂದು ಕನ್ನಡ ಬರೆಯುವುದಕ್ಕೆ ಲಿನಕ್ಸ್‌ನಲ್ಲಿ ಏನನ್ನೂ ಹೊಸದಾಗಿ ತರಬೇಕಾಗಿಲ್ಲ. ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸದ ಕೀಲಿಮಣೆ ವ್ಯವಸ್ಥೆಯ ಭಾಗವಾಗಿಯೇ ಬರುತ್ತದೆ, ಲೋಹಿತ್ ಮುಂತಾದ ಮುಕ್ತ ಫಾಂಟುಗಳು ಇವೆ, ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಇದನ್ನು ಸಾಧಿಸಿದವರು ಸಂಬಳವಿಲ್ಲದೆ ದುಡಿದ ಕೆಲವೇ ಕನ್ನಡಿಗರು, ಅವರ ಋಣ ದೊಡ್ಡದು. ಆದರೆ ಮುಕ್ತ ತಂತ್ರಾಂಶದ ಕಡೆಯಿಂದ ಆದ ವಿಳಂಬವನ್ನೂ ಹೇಳಬೇಕು. ಕನ್ನಡ ಪುಸ್ತಕೋದ್ಯಮ ಬಹುಕಾಲ ನೆಚ್ಚಿಕೊಂಡದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶವನ್ನು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು. ತಯಾರಕರೇ ಕೈಬಿಟ್ಟ ತಂತ್ರಾಂಶದಲ್ಲಿ ಇಡೀ ಉದ್ಯಮ ಸಿಕ್ಕಿಕೊಂಡಿದ್ದ ಆ ವರ್ಷಗಳಲ್ಲಿ, ಅದಕ್ಕೆ ಬದಲಿಯಾಗಬಹುದಾಗಿದ್ದ ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶದಲ್ಲಿ ಕನ್ನಡದಂತಹ ಸಂಯುಕ್ತ ಲಿಪಿಗಳು ಸರಿಯಾಗಿ ಮೂಡುತ್ತಿರಲಿಲ್ಲ. ಆ ಸಾಮರ್ಥ್ಯ ಅದಕ್ಕೆ ಬಂದದ್ದು 2017ರ 1.5.3 ಆವೃತ್ತಿಯಲ್ಲಿ. ಹದಿನಾರು ವರ್ಷಗಳ ಆ ಅವಧಿಯಲ್ಲಿ ಒಂದು ವಿಶ್ವವಿದ್ಯಾಲಯವೋ ಒಂದು ಅಕಾಡೆಮಿಯೋ ಇಬ್ಬರು ಎಂಜಿನಿಯರುಗಳನ್ನು ನೇಮಿಸಿ ಆ ಕೊರತೆಯನ್ನು ತುಂಬಿಸಿದ್ದರೆ ಕನ್ನಡ ಮುದ್ರಣದ ದಾರಿಯೇ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಲಿನಕ್ಸ್ ಬಳಗದ ಒಳಗಿನ ತೊಡಕುಗಳೂ ಕಡಿಮೆಯಲ್ಲ. ಡೆಬಿಯನ್, ಫೆಡೋರಾ, ಆರ್ಚ್, ಸೂಸೆ ಎಂದು ವಿತರಣೆಗಳು, ಅಂದರೆ ಕರ್ನೆಲ್ಲಿನ ಸುತ್ತ ತಂತ್ರಾಂಶಗಳನ್ನು ಜೋಡಿಸಿದ ಸಿದ್ಧ ರೂಪಗಳು, ನೂರಾರು. ಅವುಗಳ ಮೇಲೆ ಗ್ನೋಮ್, ಕೆಡಿಇ, ಸಿನಮನ್, ಮಾಟೆ ಎಂದು ಬೇರೆ ಬೇರೆ ಮುಖಗಳು. ಯಾರು ಬೇಕಾದರೂ ಕವಲೊಡೆದು ಹೊಸದನ್ನು ಕಟ್ಟಬಹುದಾದ ಸ್ವಾತಂತ್ರ್ಯದ ಸಹಜ ಫಲ ಇದು, ಅದನ್ನು ಕಿತ್ತುಹಾಕಬೇಕೆಂದು ಯಾರೂ ಬಯಸಲಾರರು. ಆದರೆ ಹೊರಗಿನ ಕಂಪನಿಯೊಂದು ತನ್ನ ತಂತ್ರಾಂಶವನ್ನು ಲಿನಕ್ಸ್‌ಗೂ ತರಬೇಕೆಂದು ಹೊರಟರೆ, ಯಾವ ಲಿನಕ್ಸ್‌ಗೆ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಒಂದು ವಿತರಣೆಯಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದು. ಅದೇ ವಿತರಣೆಯ ಎರಡು ವರ್ಷದ ನಂತರದ ಆವೃತ್ತಿಯಲ್ಲೂ ಓಡುವ ಖಾತ್ರಿ ಇಲ್ಲ. ಟೋರ್ವಾಲ್ಡ್ಸ್ ಅವರೇ 2014ರಲ್ಲಿ ಪೋರ್ಟ್‌ಲೆಂಡಿನಲ್ಲಿ ನಡೆದ ಡೆಬಿಯನ್ ಸಮಾವೇಶದಲ್ಲಿ, ತಾವು ಬರೆದ ಸಬ್‌ಸರ್ಫೇಸ್ ಎಂಬ ತಂತ್ರಾಂಶಕ್ಕೆ ವಿಂಡೋಸ್ ಮತ್ತು ಮ್ಯಾಕ್ ಆವೃತ್ತಿಗಳನ್ನು ಸಿದ್ಧಪಡಿಸುವುದು ಸುಲಭ, ಲಿನಕ್ಸ್ ಡೆಸ್ಕ್‌ಟಾಪಿಗೆ ಸಿದ್ಧಪಡಿಸುವುದೇ ಸಂಕಟ ಎಂದು ದೂರಿದ್ದರು. ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಎಂಬ ವಿಧಾನಗಳು ಈ ಸಂಕಟಕ್ಕೆ ಪರಿಹಾರವಾಗಿ ಬಂದವು ಮತ್ತು ಸಾಕಷ್ಟು ನೆರವಾಗಿವೆ, ಆದರೆ ಅವೂ ಮೂರಾಗಿಯೇ ಬಂದವು. ಮುಖಪುಟಗಳನ್ನು ಬುಡಮೇಲು ಮಾಡುವ ಚಟ ಇನ್ನೊಂದು. ಕೆಡಿಇ 2008ರಲ್ಲಿ, ಗ್ನೋಮ್ 2011ರಲ್ಲಿ ಬಳಕೆದಾರರಿಗೆ ಒಗ್ಗಿದ್ದ ವಿನ್ಯಾಸವನ್ನು ಬಿಟ್ಟು ಹೊಸತನ್ನು ಹೇರಿದವು. ಉಬುಂಟು 2011ರಲ್ಲಿ ಯೂನಿಟಿ ಎಂಬ ತನ್ನದೇ ಮುಖವನ್ನು ತಂದು, ಜನರಿಗೆ ಅದು ಅಭ್ಯಾಸವಾಗುವ ಹೊತ್ತಿಗೆ 2017ರಲ್ಲಿ ಕೈಬಿಡುವುದಾಗಿ ಸಾರಿತು. ಕಂಪ್ಯೂಟರನ್ನು ಕೆಲಸದ ಸಲಕರಣೆಯಾಗಿ ಮಾತ್ರ ಕಾಣುವವರ ತಾಳ್ಮೆ ಇಂತಹ ಪ್ರಯೋಗಗಳಿಗೆ ಸಾಲದು.

ಉಬುಂಟುವಿನ ಕತೆಯೊಳಗೇ ಹಣದ ಪ್ರಶ್ನೆಯೂ ಇದೆ. ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಅದನ್ನು ಆರಂಭಿಸಿದಾಗ, ಯೋಜನೆಯ ದೋಷಪಟ್ಟಿಯ ಮೊದಲನೆಯ ದೋಷವೆಂದು ಅವರು ದಾಖಲಿಸಿದ್ದು ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್‌ನ ಕೈಯಲ್ಲಿರುವುದನ್ನು. ಕೇಳಿದವರ ಮನೆಗೆ ಸಿಡಿಗಳನ್ನು ಉಚಿತವಾಗಿ ಅಂಚೆಯಲ್ಲಿ ಕಳಿಸುವ ವ್ಯವಸ್ಥೆ 2011ರವರೆಗೂ ನಡೆಯಿತು. ಭಾರತದ ಕಾಲೇಜುಗಳ ಹಾಸ್ಟೆಲ್ಲುಗಳಿಗೂ ಆ ಕಂದು ಬಣ್ಣದ ಲಕೋಟೆಗಳು ಬಂದವು. ಫೋನು, ಟ್ಯಾಬ್ಲೆಟ್ಟುಗಳ ಉಬ್ಬರದಲ್ಲಿ ಲೋಕ ಬದಲಾಯಿತೆಂದು ಹೇಳಿ ಅವರು 2013ರಲ್ಲಿ ಆ ದೋಷವನ್ನು ಮುಚ್ಚಿದರು, ಆದರೆ ಡೆಸ್ಕ್‌ಟಾಪಿನಲ್ಲಿ ಏನೂ ಬಗೆಹರಿದಿರಲಿಲ್ಲ. ಮುಕ್ತ ತಂತ್ರಾಂಶದಲ್ಲಿ ಹಣವಿಲ್ಲವೆಂದಲ್ಲ: ಲಿನಕ್ಸ್ ಆಧರಿತ ವ್ಯವಹಾರದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ಕೊಂಡಿತು. ಆ ಹಣ ಬರುವುದು ಸರ್ವರುಗಳಿಂದ, ಕ್ಲೌಡ್‌ನಿಂದ. ಅಲ್ಲಿ ಒಂದು ದೋಷ ಕಂಡರೆ ಅದನ್ನು ಸರಿಪಡಿಸಲು ಸಂಬಳ ಪಡೆಯುವ ಎಂಜಿನಿಯರುಗಳು ಸಾಲುಗಟ್ಟಿದ್ದಾರೆ. ಮನೆಯ ಪ್ರಿಂಟರು ಕೆಲಸ ಮಾಡದಿದ್ದರೆ ಅದನ್ನು ಸರಿಪಡಿಸಲು ಸಂಬಳ ಕೊಡುವವರು ಯಾರೂ ಇಲ್ಲ. ಮುಕ್ತ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್ಮನ್ ಅವರ ಮನಸ್ಸಿನಲ್ಲಿ ಅದರ ಬೀಜ ಬಿದ್ದದ್ದು, ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಲೇಸರ್ ಪ್ರಿಂಟರಿನ ತಂತ್ರಾಂಶದ ಆಕರವನ್ನು (ಸೋರ್ಸ್ ಕೋಡ್) ಅವರಿಗೆ ನಿರಾಕರಿಸಿದಾಗ ಎಂಬುದನ್ನು ನೆನೆದರೆ, ನಾಲ್ಕು ದಶಕಗಳ ನಂತರವೂ ಅನೇಕ ಅಗ್ಗದ ಪ್ರಿಂಟರುಗಳ ಡ್ರೈವರು ಲಿನಕ್ಸ್‌ಗೆ ಸರಿಯಾಗಿ ಸಿಗದಿರುವುದು ನೋವಿನ ಸಂಗತಿ.

ಹಾಗಾದರೆ ಎಲ್ಲಿಯೂ ಗೆದ್ದಿಲ್ಲವೇ? ಗೆದ್ದಿರುವ ಕಡೆಗಳನ್ನು ಸೋತ ಕಡೆಗಳ ಜೊತೆ ಹೋಲಿಸುವುದು ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ನಿರ್ಧರಿಸಿದಾಗ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಹೋಗಿ ಮೇಯರರನ್ನು ಭೇಟಿಯಾಗಿದ್ದರು. ಹತ್ತು ವರ್ಷಗಳ ಶ್ರಮದಲ್ಲಿ ಸುಮಾರು 15,000 ಕಂಪ್ಯೂಟರುಗಳು ಬದಲಾದವು. ಆದರೂ ಮೇಯರ್ ಬದಲಾದ ಮೇಲೆ 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಆಡಳಿತಕ್ಕಾಗಿ ಸಲಹಾ ಸಂಸ್ಥೆ ನಡೆಸಿದ ಪರಿಶೀಲನೆಯೇ ತಾಂತ್ರಿಕ ತೊಂದರೆಗಳಿಗಿಂತ ಚದುರಿಹೋದ ಐಟಿ ವಿಭಾಗಗಳ ಸಂಘಟನೆಯ ದೋಷಗಳನ್ನು ಹೆಚ್ಚಾಗಿ ಗುರುತಿಸಿತ್ತು. ಸಿಬ್ಬಂದಿಗೆ ಎದುರಾದ ಪ್ರತಿ ತೊಂದರೆಗೂ ಹೆಸರು ಮಾತ್ರ ಲಿನಕ್ಸ್‌ನದಾಯಿತು. ಫ್ರಾನ್ಸಿನ ಅರೆಸೇನಾ ಪೊಲೀಸ್ ಪಡೆ ಜಾಂಡರ್ಮರಿ ಇದೇ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡಿತು. 2005ರಲ್ಲಿ ವಿಂಡೋಸನ್ನು ಹಾಗೆಯೇ ಬಿಟ್ಟು ಮೊದಲು ಓಪನ್ ಆಫೀಸ್ ಕೊಟ್ಟರು, ನಂತರ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. ದಿನದ ಕೆಲಸದ ತಂತ್ರಾಂಶಗಳೆಲ್ಲ ಬದಲಾಗಿ ಕೈಗೆ ಒಗ್ಗಿದ ಮೇಲೆ, 2008ರಿಂದ ತಳದ ಆಪರೇಟಿಂಗ್ ಸಿಸ್ಟಂ ಬದಲಿಸಿ ಉಬುಂಟು ಆಧರಿತ ಜಾಂಡ್‌ಬುಂಟು ತಂದರು. ಇಂದು ಅಲ್ಲಿ ಸುಮಾರು ಒಂದು ಲಕ್ಷ ಯಂತ್ರಗಳು ಅದರಲ್ಲಿ ಓಡುತ್ತಿವೆ. ಒಂದೇ ಆಜ್ಞಾಶ್ರೇಣಿ ಇರುವ ಪಡೆ ಎಂಬ ಅನುಕೂಲ ಅದಕ್ಕಿತ್ತು, ಆದರೆ ಅಪ್ಲಿಕೇಶನ್ ಮೊದಲು, ಆಪರೇಟಿಂಗ್ ಸಿಸ್ಟಂ ಕೊನೆಗೆ ಎಂಬ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು. ಜರ್ಮನಿಯದೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರುಗಳ ಬದಲಾವಣೆಗೆ ಕೈಹಾಕಿದಾಗ ಲಿಬ್ರೆ ಆಫೀಸಿನಿಂದಲೇ ಆರಂಭಿಸಿದೆ.

ನಮ್ಮ ನೆರೆಯ ಕೇರಳದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಶಾಲೆಗಳಿಗಾಗಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮೊದಲಿಗೆ ವಿಂಡೋಸನ್ನೇ ಆಧರಿಸಿತ್ತು. ಶಿಕ್ಷಕರ ಸಂಘಟನೆಗಳ ಒತ್ತಾಯದಿಂದ ಅದು ಮುಕ್ತ ತಂತ್ರಾಂಶದತ್ತ ಹೊರಳಿ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೇ 2008ರ ಹೊತ್ತಿಗೆ ಲಿನಕ್ಸ್‌ನಲ್ಲಿ ಮಾತ್ರ ನಡೆಯುವಂತಾಯಿತು. ಶಿಕ್ಷಕರಿಗೆ ತರಬೇತಿ, ಪಠ್ಯಕ್ಕೆ ಹೊಂದುವ ತಂತ್ರಾಂಶಗಳನ್ನು ಒಟ್ಟುಗೂಡಿಸಿದ ಒಂದೇ ವಿತರಣೆ, ಕೆಟ್ಟರೆ ನೋಡುವ ಜಿಲ್ಲಾ ತಂಡ ಎಲ್ಲವೂ ಸರ್ಕಾರದ ಹೊಣೆ. ಹೊಸ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅಳವಡಿಸಿ ಸುಮಾರು 3,000 ಕೋಟಿ ರೂಪಾಯಿ ಉಳಿಸಿರುವುದಾಗಿ ಯೋಜನೆ ನಡೆಸುವ ಕೈಟ್ ಸಂಸ್ಥೆ 2019ರಲ್ಲಿ ಹೇಳಿಕೊಂಡಿತು. ಇದರ ಪಕ್ಕದಲ್ಲೇ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸಮುದಾಯ ರಚನ, ಮೀರ, ಮಂಜರಿಯಂತಹ ಸೊಗಸಾದ ಯೂನಿಕೋಡ್ ಫಾಂಟುಗಳನ್ನು ಪೋಷಿಸುತ್ತ ಬಂದದ್ದನ್ನೂ ಸೇರಿಸಿಕೊಳ್ಳಬೇಕು. ಶಾಲೆಯ ಲಿನಕ್ಸ್‌ನಲ್ಲಿ ಮಗು ತನ್ನ ಭಾಷೆಯನ್ನು ಬರೆಯಲು ತೊಡಕಾಗಲಿಲ್ಲ. ಕರ್ನಾಟಕದಲ್ಲಿಯೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿದ, ಮುಕ್ತ ಪಠ್ಯಸಾಮಗ್ರಿ ಬೆಳೆಸಿದ ಒಳ್ಳೆಯ ಪ್ರಯತ್ನ ನಡೆದಿದೆ. ಆದರೆ ಪರೀಕ್ಷೆಯನ್ನೂ ಕಚೇರಿಯನ್ನೂ ಮುದ್ರಣವನ್ನೂ ಒಂದೇ ದಾರಕ್ಕೆ ಪೋಣಿಸುವ ಸಂಕಲ್ಪ ನಮ್ಮಲ್ಲಿ ಮೂಡಲಿಲ್ಲ.

ಬ್ರೌಸರಿನಲ್ಲೇ ಎಲ್ಲವೂ ನಡೆಯುವ ಈ ಕಾಲದಲ್ಲಿ ಆಪರೇಟಿಂಗ್ ಸಿಸ್ಟಂ ಯಾವುದಾದರೇನು ಎಂಬ ವಾದವೂ ಇದೆ. ಅದು ಅರ್ಧ ನಿಜ. ಮೇಲ್, ಬ್ಯಾಂಕು, ಸಿನಿಮಾ ಎಲ್ಲವೂ ಬ್ರೌಸರಿಗೆ ಬಂದದ್ದರಿಂದ ಹಳೆಯ ತಡೆಗೋಡೆ ತಗ್ಗಿದೆ. ಆದರೆ ಅಷ್ಟೇ ಬೇಕಾಗಿದ್ದ ಜನ ಡೆಸ್ಕ್‌ಟಾಪನ್ನೇ ಬಿಟ್ಟು ಫೋನಿಗೆ ಹೋದರು. ಮೇಜಿನ ಮುಂದೆ ಉಳಿದವರು ಟ್ಯಾಲಿ, ನುಡಿ, ಎಕ್ಸೆಲ್ ಬೇಕಾದವರು, ಅಂದರೆ ಬದಲಾಗುವುದು ಅತಿ ಕಷ್ಟವಿರುವವರು. ಇವರ ಹೊರತಾಗಿ ದೊಡ್ಡ ಸಂಖ್ಯೆಯಲ್ಲಿ ಉಳಿದವರು ಆಟವಾಡುವವರು. ಅವರ ವಿಷಯದಲ್ಲಿ ಗೋಡೆ ಒಡೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ: ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ಸೇತುವೆ ತಂತ್ರಾಂಶಕ್ಕೆ ಹಣ ಹೂಡಿ, 2022ರಲ್ಲಿ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಯಂತ್ರವನ್ನು ಸಿದ್ಧವಾಗಿ ಕೈಗೆ ಕೊಟ್ಟಾಗ, ಲಿನಕ್ಸ್ ಎಂಬ ಹೆಸರನ್ನೂ ಕೇಳದವರು ಅದನ್ನು ಕೊಂಡು ನೆಮ್ಮದಿಯಿಂದ ಬಳಸಿದರು.

ವಿಂಡೋಸ್ 10ರ ಕೊನೆಯಿಂದ ತೆರೆದಿರುವ ಅವಕಾಶ ಯಾರ ಕೈಯಲ್ಲಿದೆ ಎಂಬುದನ್ನು ಈ ಬೆಳಕಿನಲ್ಲೇ ನೋಡಬೇಕು. ಐಟಿ ಕಂಪನಿಗಳು ಕಳಚಿಹಾಕುವ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ದುರಸ್ತಿಯಾಗಿ ವಿದ್ಯಾರ್ಥಿಗಳ, ಸಣ್ಣ ಅಂಗಡಿಗಳ, ಹಳ್ಳಿಯ ಸೇವಾ ಕೇಂದ್ರಗಳ ಕೈ ಸೇರುತ್ತವೆ. ಅವುಗಳಲ್ಲಿ ಏನಿರಬೇಕೆಂದು ನಿರ್ಧರಿಸುವವರು ಆ ಅಂಗಡಿಯವರು. ಕಗಪ ಕೀಲಿಮಣೆ ಸಿದ್ಧವಾಗಿರುವ, ಹಳೆಯ ನುಡಿ ಕಡತಗಳನ್ನು ತೆರೆದು ಯೂನಿಕೋಡ್‌ಗೆ ಬದಲಿಸಿಕೊಡುವ, ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಿಂಟರುಗಳ ಜೊತೆ ಪರೀಕ್ಷಿಸಿ ನೋಡಿರುವ ಒಂದೇ ಒಂದು ಲಿನಕ್ಸ್ ವಿತರಣೆಯನ್ನು ರಾಜ್ಯದ ಐಟಿ ಇಲಾಖೆಯೋ ಒಂದು ತಾಂತ್ರಿಕ ವಿಶ್ವವಿದ್ಯಾಲಯವೋ ಹೊಣೆ ಹೊತ್ತು ಪಾಲಿಸಿ, ಆ ಅಂಗಡಿಯವರಿಗೆ ತರಬೇತಿಯನ್ನೂ ಕೆಟ್ಟಾಗ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆಯನ್ನೂ ಕೊಟ್ಟರೆ, ಅದಕ್ಕೆ ತಗಲುವ ವೆಚ್ಚ ಒಂದು ಸಾಧಾರಣ ಸರ್ಕಾರಿ ಕಟ್ಟಡದ ವೆಚ್ಚವನ್ನು ಮೀರಲಾರದು. ಕಚೇರಿಗಳಲ್ಲಿ ಇದಕ್ಕೆ ಸಮನಾದ ಮೊದಲ ಹೆಜ್ಜೆಯೆಂದರೆ, ಸರ್ಕಾರ ತಾನೇ ಒಪ್ಪಿಕೊಂಡಿರುವ ಯೂನಿಕೋಡ್ ಶಿಷ್ಟತೆಯಲ್ಲಿ ಇಲ್ಲದ ಯಾವ ಹೊಸ ಕಡತವನ್ನೂ ಸ್ವೀಕರಿಸದಿರುವುದು ಮತ್ತು ಹಳೆಯ ಕಡತಗಳನ್ನು ಪರಿವರ್ತಿಸಿ ತಿದ್ದಲು ಜನರನ್ನು ನೇಮಿಸುವುದು. ಇದಕ್ಕೆ ವಿಂಡೋಸನ್ನು ತೆಗೆದುಹಾಕುವ ಅಗತ್ಯವೂ ಇಲ್ಲ; ಅದೇ ಯಂತ್ರಗಳಲ್ಲಿ ನಾಳೆಯೇ ಆರಂಭಿಸಬಹುದಾದ ಕೆಲಸ ಇದು.